ಲಾರೆನ್ಸಿಯಮ್‌ನ ಕೊನೆಯ ಎಲೆಕ್ಟ್ರಾನ್: 4.96 ಎಂಬ ಅಂಕೆಯ ಒಳಗೇನಿದೆ?

2015ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಂಕೆ ಪ್ರಕಟವಾಯಿತು. ಪರಮಾಣು ಸಂಖ್ಯೆ 103 ಇರುವ ಲಾರೆನ್ಸಿಯಮ್‌ನಿಂದ ಒಂದು ಎಲೆಕ್ಟ್ರಾನನ್ನು ಕಳಚಲು ಬೇಕಾದ ಶಕ್ತಿ, ಅಂದರೆ ಅದರ ಮೊದಲ ಅಯಾನೀಕರಣ ಶಕ್ತಿ, 4.96 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯನ್ನು ಅಳೆಯುವ ಮಾನ). ಆಚೀಚೆ 0.08ರಷ್ಟು ಅನಿಶ್ಚಿತತೆ. ಅಳೆದವರು ಜಪಾನಿನ ತೊಕಾಯ್‌ನಲ್ಲಿರುವ ಜಪಾನ್ ಪರಮಾಣು ಶಕ್ತಿ ಸಂಸ್ಥೆಯ ತೆತ್ಸುಯಾ ಸಾತೊ ಮತ್ತು ಸಂಗಡಿಗರು. ಅದೇ ಲೇಖನದಲ್ಲಿ ಸಿದ್ಧಾಂತಿಗಳ ಲೆಕ್ಕವೂ ಇತ್ತು: 4.963, ಅನಿಶ್ಚಿತತೆ 0.015.

ಸಿದ್ಧಾಂತವೂ ಪ್ರಯೋಗವೂ ಎರಡನೇ ದಶಮಾಂಶದವರೆಗೆ ಒಂದೇ ಎಂದು ಸುದ್ದಿಯಾಯಿತು. ಲಾರೆನ್ಸಿಯಮ್‌ನ ಕೊನೆಯ ಎಲೆಕ್ಟ್ರಾನ್ ಇರುವ ಕಕ್ಷಕ (ನ್ಯೂಕ್ಲಿಯಸ್‌ನ ಸುತ್ತ ಎಲೆಕ್ಟ್ರಾನ್ ಇರುವ ವಲಯ) ಯಾವುದೆಂಬ ಹಳೆಯ ಪ್ರಶ್ನೆಗೂ ಇದರಿಂದ ಉತ್ತರ ಸಿಕ್ಕಿತೆಂದು ಕೆಲವರು ಬರೆದರು. ಮೊದಲನೆಯ ಮಾತು ಸರಿ. ಎರಡನೆಯದನ್ನು ಒಪ್ಪುವ ಮೊದಲು ಅಂಕೆಯನ್ನು ಬಿಚ್ಚಿ ನೋಡಬೇಕು. ಏಕೆಂದರೆ ಪ್ರಯೋಗದ್ದೆಂದು ಕರೆಯಲಾಗುವ 4.96ರ ಒಳಗೇ ಸಿದ್ಧಾಂತದ ಒಂದು ತುಣುಕು ಕುಳಿತಿದೆ. ಯಾರೂ ಕಣ್ಣಾರೆ ಕಾಣದ, ಕೇವಲ ಲೆಕ್ಕದಿಂದ ತಿಳಿದ ಉದ್ರಿಕ್ತ ಸ್ಥಿತಿಗಳನ್ನು, ಅಂದರೆ ಎಲೆಕ್ಟ್ರಾನ್ ಹೆಚ್ಚಿನ ಶಕ್ತಿಯ ಮಟ್ಟಕ್ಕೇರಿದ ಸ್ಥಿತಿಗಳನ್ನು, ಬಳಸದೆ ಆ ಅಂಕೆ ಹುಟ್ಟುತ್ತಲೇ ಇರಲಿಲ್ಲ. ಹಾಗಿದ್ದರೆ ಈ ಹೊಂದಾಣಿಕೆ ನಿಜವಾಗಿ ಯಾವುದನ್ನು ಪರೀಕ್ಷಿಸಿತು?

ಲಾರೆನ್ಸಿಯಮ್ ಪತ್ತೆಯಾದದ್ದು 1961ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕಲಿಯಲ್ಲಿ. ಸೈಕ್ಲೋಟ್ರಾನ್ ಕಂಡುಹಿಡಿದ ಅರ್ನೆಸ್ಟ್ ಲಾರೆನ್ಸ್ ಅವರ ಹೆಸರು ಅದಕ್ಕೆ. ಪ್ರಕೃತಿಯಲ್ಲಿ ಅದು ಸಿಗುವುದಿಲ್ಲ. ತೂಗಬಹುದಾದಷ್ಟು ಪ್ರಮಾಣದಲ್ಲಿ ಯಾರೂ ಅದನ್ನು ತಯಾರಿಸಿಲ್ಲ. ತೊಕಾಯ್‌ನಲ್ಲಿ ಬಳಸಿದ ಲಾರೆನ್ಸಿಯಮ್-256ರ ಅರ್ಧಾಯು ಸುಮಾರು 27 ಸೆಕೆಂಡು. ಆವರ್ತ ಕೋಷ್ಟಕದಲ್ಲಿ ಇದರ ನೇರ ಮೇಲಿರುವ ಲುಟೇಶಿಯಮ್‌ನಲ್ಲಿ ಕೊನೆಯ ಎಲೆಕ್ಟ್ರಾನ್ 5ಡಿ ಕಕ್ಷಕದಲ್ಲಿದೆ (ಅಂಕೆ ಕವಚದ್ದು; ಎಸ್, ಪಿ, ಡಿ, ಎಫ್ ಅಕ್ಷರಗಳು ಕಕ್ಷಕದ ಬಗೆಯವು). ಅದೇ ಧಾಟಿಯಲ್ಲಿ ಲಾರೆನ್ಸಿಯಮ್‌ನಲ್ಲಿ ಅದು 6ಡಿಯಲ್ಲಿರಬೇಕಿತ್ತು. 1980ರಲ್ಲಿ ಡೆಸ್ಕ್ಲೋ ಮತ್ತು ಫ್ರಿಕೆ ಐನ್‌ಸ್ಟೈನರ ಸಾಪೇಕ್ಷತೆಯನ್ನೂ ಸೇರಿಸಿ ಮಾಡಿದ ಲೆಕ್ಕ ಬೇರೆ ಉತ್ತರ ಕೊಟ್ಟಿತು: 6ಡಿ ಅಲ್ಲ, 7ಪಿ. ಅದರಲ್ಲೂ ಪಿ ಕಕ್ಷಕದ ಎರಡು ಕವಲುಗಳ ಪೈಕಿ ಕೆಳಗಿನದಾದ 7ಪಿ-1/2.

ಇದಕ್ಕೆ ಕಾರಣ ನ್ಯೂಕ್ಲಿಯಸ್‌ನ ಹತ್ತಿರವಿದೆ. ಅತ್ಯಂತ ಒಳಗಿನ ಎಲೆಕ್ಟ್ರಾನಿನ ವೇಗವು ಬೆಳಕಿನ ವೇಗದ ಎಷ್ಟು ಪಾಲು ಎಂದು ಸ್ಥೂಲವಾಗಿ ತಿಳಿಯಲು ಪರಮಾಣು ಸಂಖ್ಯೆಯನ್ನು 137ರಿಂದ ಭಾಗಿಸಿದರೆ ಸಾಕು. ಲಾರೆನ್ಸಿಯಮ್‌ಗೆ ಅದು 0.75. ಆ ವೇಗದಲ್ಲಿ ಎಲೆಕ್ಟ್ರಾನ್ ಒಂದೂವರೆ ಪಟ್ಟು ಭಾರವಾದಂತೆ ವರ್ತಿಸುತ್ತದೆ. ಅದರ ಕಕ್ಷಕ ಮೂರನೇ ಒಂದು ಪಾಲಿನಷ್ಟು ಕುಗ್ಗುತ್ತದೆ. ಹೊರಗಿನ 7ಎಸ್ ಮತ್ತು 7ಪಿ-1/2 ಕಕ್ಷಕಗಳೂ ನ್ಯೂಕ್ಲಿಯಸ್‌ನ ಬಳಿಗೆ ಸುಳಿಯುವುದರಿಂದ ಅವೂ ಕುಗ್ಗಿ ಗಟ್ಟಿಯಾಗುತ್ತವೆ. ಅವು ಕುಗ್ಗಿದಾಗ ನ್ಯೂಕ್ಲಿಯಸ್‌ನ ಧನ ಆವೇಶವನ್ನು ಇನ್ನಷ್ಟು ಮರೆಮಾಡುತ್ತವೆ. ಹಾಗಾಗಿ ನ್ಯೂಕ್ಲಿಯಸ್‌ನಿಂದ ದೂರವೇ ಇರುವ ಡಿ ಮತ್ತು ಎಫ್ ಕಕ್ಷಕಗಳು ಹಿಗ್ಗಿ, ಅವುಗಳ ಶಕ್ತಿ ಮೇಲೇರುತ್ತದೆ. ಇದರ ಜೊತೆಗೆ ಎಲೆಕ್ಟ್ರಾನಿನ ಸ್ಪಿನ್‌ಗೂ ಅದರ ಕಕ್ಷೆಯ ಚಲನೆಗೂ ಇರುವ ಸಂಬಂಧ, ಅಂದರೆ ಸ್ಪಿನ್-ಕಕ್ಷೆ ಜೋಡಣೆ, ಪಿ ಮತ್ತು ಡಿಗಳನ್ನು ಎರಡೆರಡು ಕವಲಾಗಿ ಒಡೆಯುತ್ತದೆ. ಹಗುರ ಧಾತುಗಳಲ್ಲಿ ಆ ಒಡಕು ಕೂದಲೆಳೆಯಷ್ಟು. ಲಾರೆನ್ಸಿಯಮ್‌ನ 7ಪಿಯಲ್ಲಿ ಅದು ಒಂದು ಎಲೆಕ್ಟ್ರಾನ್ ವೋಲ್ಟ್ ದಾಟುತ್ತದೆ.

ಇದನ್ನೆಲ್ಲ ಲೆಕ್ಕಕ್ಕೆ ತರುವ ದಾರಿಗಳು ಹಲವು, ಮತ್ತು ಎಲ್ಲವೂ ಅಂದಾಜಿನ ದಾರಿಗಳೇ. ಎಲೆಕ್ಟ್ರಾನಿಗೆ ಸಾಪೇಕ್ಷತೆಯನ್ನು ಅನ್ವಯಿಸುವ ಡಿರಾಕ್ ಸಮೀಕರಣವನ್ನು ಅದರ ನಾಲ್ಕು ಘಟಕಗಳೊಂದಿಗೆ ಇಡಿಯಾಗಿ ಬಳಸುವುದು ದುಬಾರಿ ದಾರಿ. ಅಲ್ಲಿಯೂ ಋಣ ಶಕ್ತಿಯ ಸ್ಥಿತಿಗಳನ್ನು ಬದಿಗಿಡುತ್ತಾರೆ. ಎಲೆಕ್ಟ್ರಾನ್‌ಗಳ ನಡುವಣ ವಿಕರ್ಷಣೆಯನ್ನು ಮೊದಲು ಕೂಲಂಬ್ ನಿಯಮದಂತೆ ಬರೆದು, ಕಾಂತೀಯ ಮತ್ತು ವಿಳಂಬದ ಪರಿಣಾಮಗಳನ್ನು ‘ಬ್ರೈಟ್ ಪದ’ ಎಂಬ ತಿದ್ದುಪಡಿಯಿಂದ ಸೇರಿಸುತ್ತಾರೆ. ಕ್ವಾಂಟಮ್ ವಿದ್ಯುತ್‌ಗತಿಶಾಸ್ತ್ರದ ತಿದ್ದುಪಡಿ ಕೊನೆಗೆ ಬರುತ್ತದೆ. ಎರಡು ಘಟಕಗಳನ್ನು ಮಾತ್ರ ಉಳಿಸಿಕೊಳ್ಳುವ ಡಗ್ಲಸ್–ಕ್ರೋಲ್–ಹೆಸ್, ಝೋರಾ, ಎಕ್ಸ್‌2ಸಿ ವಿಧಾನಗಳು ನಡುವಿನ ದಾರಿ. ಇವುಗಳಲ್ಲಿ ಸ್ಪಿನ್-ಕಕ್ಷೆ ಪದಗಳನ್ನು ಕೈಬಿಟ್ಟು, ಭಾರ ಹೆಚ್ಚುವುದರಿಂದ ಆಗುವ ಕುಗ್ಗುವಿಕೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅದಿಶ ಸಾಪೇಕ್ಷತಾ ವಿಧಾನ. ಭಾರಧಾತುಗಳ ಅಣುಗಳನ್ನು ಲೆಕ್ಕ ಹಾಕುವವರು ದಿನನಿತ್ಯ ಬಳಸುವುದು ಬಹುಪಾಲು ಇದನ್ನೇ. ಕಂಪ್ಯೂಟರಿಗೆ ಹಗುರ, ಅಣುವಿನ ಬಂಧದ ಉದ್ದದಂಥ ಪ್ರಶ್ನೆಗಳಿಗೆ ಸಾಕಷ್ಟು ಸಲ ಇದು ಸರಿಯಾಗಿಯೇ ಉತ್ತರಿಸುತ್ತದೆ. ಲಾರೆನ್ಸಿಯಮ್‌ನ ವಿಷಯದಲ್ಲಿ ಹೇಗೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಸಾಪೇಕ್ಷತೆಯಷ್ಟೇ ಸರಿಯಾದರೆ ಸಾಲದು. ಎಲೆಕ್ಟ್ರಾನ್‌ಗಳು ಒಂದನ್ನೊಂದು ತಪ್ಪಿಸಿಕೊಂಡು ಚಲಿಸುತ್ತವೆ. ಈ ಕೊರಿಲೇಷನ್ ಅಯಾನೀಕರಣ ಶಕ್ತಿಯನ್ನು ಗಣನೀಯವಾಗಿ ಬದಲಿಸುತ್ತದೆ. ಲಾರೆನ್ಸಿಯಮ್‌ಗೆ ಒಗ್ಗಿದ ವಿಧಾನ ಫಾಕ್ ಸ್ಪೇಸ್ ಕಪಲ್ಡ್ ಕ್ಲಸ್ಟರ್. ಇದರ ಜಾಣತನ ನನಗೆ ಬಹಳ ಹಿಡಿಸುತ್ತದೆ. ಪ್ರಯೋಗದಲ್ಲಿ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು ಅಯಾನು ಮಾಡುತ್ತಾರೆ. ಇಲ್ಲಿ ಲೆಕ್ಕ ಹಿಮ್ಮುಖವಾಗಿ ಸಾಗುತ್ತದೆ. ಲಾರೆನ್ಸಿಯಮ್ ಅಯಾನಿನಲ್ಲಿ ಎಲ್ಲ ಕವಚಗಳೂ ಜೋಡಿಜೋಡಿಯಾಗಿ ತುಂಬಿವೆ. ಅಂಥ ವ್ಯವಸ್ಥೆಯನ್ನು ಲೆಕ್ಕ ಹಾಕುವುದು ಸುಲಭ. ಮೊದಲು ಅದನ್ನು ಮುಗಿಸಿ, ಬಳಿಕ ಒಂದು ಎಲೆಕ್ಟ್ರಾನನ್ನು ಸೇರಿಸುತ್ತಾರೆ. ಅದು 7ಪಿಗೆ ಹೋಗಬಹುದು, 6ಡಿಗೆ ಹೋಗಬಹುದು, 8ಎಸ್‌ಗೂ ಹೋಗಬಹುದು. ಒಂದೇ ಲೆಕ್ಕದಲ್ಲಿ ತಟಸ್ಥ ಪರಮಾಣುವಿನ ಕೆಳಮಟ್ಟದ ಸ್ಥಿತಿಯೂ ಉದ್ರಿಕ್ತ ಸ್ಥಿತಿಗಳೂ ಅಯಾನೀಕರಣ ಶಕ್ತಿಯೂ ಒಟ್ಟಿಗೆ ಹೊರಬರುತ್ತವೆ. ಎಲ್ಲವೂ ಒಂದೇ ಅಳತೆಗೋಲಿನಲ್ಲಿ ಬರುವುದರಿಂದ ವ್ಯತ್ಯಾಸ ತೆಗೆಯುವಾಗ ದೋಷಗಳು ಬಹುಪಾಲು ಕಳೆದುಹೋಗುತ್ತವೆ.

ಫಾಕ್ ಸ್ಪೇಸ್ ಸಿದ್ಧಾಂತವನ್ನು ಕಟ್ಟಿದವರಲ್ಲಿ ಕೋಲ್ಕತ್ತದ ದೇಬಶಿಸ್ ಮುಖರ್ಜಿ ಮತ್ತು ಸ್ವೀಡನ್ನಿನ ಇಂಗ್ವಾರ್ ಲಿಂಡ್‌ಗ್ರೆನ್ ಪ್ರಮುಖರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ಬಿ. ಪಿ. ದಾಸ್ ಅವರ ಗುಂಪು ಸಾಪೇಕ್ಷತಾ ಕಪಲ್ಡ್ ಕ್ಲಸ್ಟರ್ ಲೆಕ್ಕಗಳನ್ನು ಭಾರಪರಮಾಣುಗಳ ಮೇಲೆ, ಮುಖ್ಯವಾಗಿ ಎಲೆಕ್ಟ್ರಾನಿನ ವಿದ್ಯುತ್ ದ್ವಿಧ್ರುವದ ಹುಡುಕಾಟಕ್ಕಾಗಿ, ವರ್ಷಗಟ್ಟಲೆ ನಡೆಸಿತು. ಲಾರೆನ್ಸಿಯಮ್‌ನ ಲೆಕ್ಕ ಮಾಡಿದವರು ಟೆಲ್ ಅವೀವ್‌ನ ಉಜಿ ಕಾಲ್ಡೋರ್ ಮತ್ತು ಎಫ್ರೈಮ್ ಎಲಿಯಾವ್, ಅವರೊಂದಿಗೆ ಅನಸ್ತಾಸಿಯಾ ಬೋರ್ಶ್ಚೆವ್‌ಸ್ಕಿ. ಅವರ ತಂಡದ ಹಳೆಯ ಲೆಕ್ಕಗಳಲ್ಲಿ ಲುಟೇಶಿಯಮ್ ಒಂದು ತಾಲೀಮಿನಂತೆ ಬರುತ್ತದೆ. ಅಲ್ಲಿ ಅಳೆದ ಅಂಕೆಗಳಿವೆ: 5ಡಿ-3/2 ಅತ್ಯಂತ ಕೆಳಗೆ, 0.25 ಎಲೆಕ್ಟ್ರಾನ್ ವೋಲ್ಟ್ ಮೇಲೆ 5ಡಿ-5/2, 0.51ರಲ್ಲಿ 6ಪಿ-1/2, 0.93ರಲ್ಲಿ 6ಪಿ-3/2, ಅಯಾನೀಕರಣಕ್ಕೆ 5.43. ಗೊತ್ತಿರುವ ಅಂಕೆಗಳ ಮೇಲೆ ವಿಧಾನವನ್ನು ಉಜ್ಜಿ ನೋಡಿ, ಬಳಿಕ ಗೊತ್ತಿಲ್ಲದ ನೆರೆಯ ಧಾತುವಿಗೆ ಹೋಗುವ ಕ್ರಮ ಇದು.

ಲಾರೆನ್ಸಿಯಮ್‌ಗೆ ಈ ಬಗೆಯ ಲೆಕ್ಕಗಳು ಕೊಡುವ ಚಿತ್ರ ಸ್ಥೂಲವಾಗಿ ಹೀಗಿದೆ: 7ಪಿ-1/2 ಅತ್ಯಂತ ಕೆಳಗೆ, 0.17 ಮೇಲೆ 6ಡಿ-3/2; 0.63ರ ಸುತ್ತ 6ಡಿ-5/2, 1.04ರ ಸುತ್ತ 7ಪಿ-3/2. ಈ ನಾಲ್ಕು ಅಂಕೆಗಳನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಕಾಗದ-ಪೆನ್ಸಿಲ್ಲಿನ ಕೆಲಸ.

ಇನ್ನು ಪ್ರಯೋಗ. ಕ್ಯಾಲಿಫೋರ್ನಿಯಮ್-249ರ ತೆಳು ಗುರಿಯ ಮೇಲೆ ಬೋರಾನ್-11ರ ಕಿರಣ ಹಾಯಿಸಿದಾಗ ಕೆಲವು ಸೆಕೆಂಡಿಗೊಂದರಂತೆ ಲಾರೆನ್ಸಿಯಮ್ ಪರಮಾಣುಗಳು ಹುಟ್ಟುತ್ತವೆ. ಕ್ಯಾಡ್ಮಿಯಮ್ ಅಯೊಡೈಡಿನ ಸೂಕ್ಷ್ಮ ಕಣಗಳಿಗೆ ಅಂಟಿಸಿ, ಹೀಲಿಯಮ್ ಅನಿಲದ ಹರಿವಿನಲ್ಲಿ ಅವುಗಳನ್ನು ಒಂದು ಟ್ಯಾಂಟಲಮ್ ಕುಹರಕ್ಕೆ ಸಾಗಿಸುತ್ತಾರೆ. ಕುಹರದ ಉಷ್ಣತೆ 2,700 ಕೆಲ್ವಿನ್. ಕಾದ ಲೋಹದ ಗೋಡೆಗೆ ತಾಗಿದ ಪರಮಾಣು ಕೆಲವೊಮ್ಮೆ ಎಲೆಕ್ಟ್ರಾನನ್ನು ಗೋಡೆಗೆ ಬಿಟ್ಟುಕೊಟ್ಟು ಅಯಾನಾಗಿ ಹೊರಬರುತ್ತದೆ. ಹೊರಬಂದ ಅಯಾನುಗಳನ್ನು ರಾಶಿ ವಿಭಜಕದಲ್ಲಿ ಬೇರ್ಪಡಿಸಿ, ಅವು ಕ್ಷಯಿಸುವಾಗ ಹೊಮ್ಮುವ ಆಲ್ಫಾ ಕಣಗಳಿಂದ ಎಣಿಸುತ್ತಾರೆ. ಹುಟ್ಟಿದವುಗಳಲ್ಲಿ ಅಯಾನಾದವು ಎಷ್ಟು ಪಾಲು ಎಂಬುದೊಂದೇ ಇಲ್ಲಿ ನಿಜವಾಗಿ ಅಳೆದದ್ದು. ಅದು ಹೆಚ್ಚುಕಡಿಮೆ ಮೂರನೇ ಒಂದು ಪಾಲು.

ಆ ಪಾಲಿನಿಂದ ಶಕ್ತಿಗೆ ಹೋಗಲು ಸಾಹಾ ಮತ್ತು ಲ್ಯಾಂಗ್ಮ್ಯೂರ್ ಹೆಸರಿನ ಸಮೀಕರಣವಿದೆ. ಹೌದು, ನಕ್ಷತ್ರಗಳ ರೋಹಿತದಿಂದ ಅವುಗಳ ಉಷ್ಣತೆ ತಿಳಿಯುವ ದಾರಿ ತೋರಿಸಿದ ಮೇಘನಾದ ಸಾಹಾ ಅವರೇ. ಅಯಾನೀಕರಣ ಶಕ್ತಿ ಗೊತ್ತಿರುವ ಅಲ್ಪಾಯು ಐಸೊಟೋಪ್‌ಗಳನ್ನು ಇದೇ ಕುಹರದ ಮೂಲಕ ಹಾಯಿಸಿ ಉಪಕರಣವನ್ನು ಮೊದಲೇ ಶ್ರುತಿ ಮಾಡಿಕೊಂಡಿದ್ದರು. ಲಾರೆನ್ಸಿಯಮ್‌ನ ಪಾಲನ್ನು ಹಾಗೆ ಸಿಕ್ಕ ರೇಖೆಯ ಮೇಲಿಟ್ಟಾಗ ಸಿಕ್ಕಿದ್ದು 4.96 ಅಲ್ಲ, 5.3ರ ಆಸುಪಾಸಿನ ಒಂದು ‘ಪರಿಣಾಮಿ’ ಶಕ್ತಿ.

ಹೆಚ್ಚಿಗೆ ಬಂದ ಮೂರನೇ ಒಂದು ಎಲೆಕ್ಟ್ರಾನ್ ವೋಲ್ಟ್ ಎಲ್ಲಿಂದ ಬಂತು? ಉತ್ತರ ಉದ್ರಿಕ್ತ ಸ್ಥಿತಿಗಳಲ್ಲಿದೆ. 2,700 ಕೆಲ್ವಿನ್‌ನಲ್ಲಿ ಉಷ್ಣಚಲನೆಯ ಶಕ್ತಿಯ ಪ್ರಮಾಣ 0.233 ಎಲೆಕ್ಟ್ರಾನ್ ವೋಲ್ಟ್. ಅಂದರೆ 0.17 ಮೇಲಿರುವ 6ಡಿ-3/2 ಸ್ಥಿತಿ ಆ ಕುಹರದಲ್ಲಿ ಧಾರಾಳವಾಗಿ ತುಂಬಿರುತ್ತದೆ. ತಟಸ್ಥ ಪರಮಾಣುವಿಗೆ ಇರಲು ಹೆಚ್ಚು ಜಾಗಗಳಿದ್ದಷ್ಟೂ ಅದು ತಟಸ್ಥವಾಗಿಯೇ ಉಳಿಯುವ ಸಂಭವ ಹೆಚ್ಚು. ಹೊರಗಿನಿಂದ ನೋಡುವವರಿಗೆ ಎಲೆಕ್ಟ್ರಾನ್ ಇನ್ನಷ್ಟು ಬಿಗಿಯಾಗಿರುವಂತೆ ಕಾಣುತ್ತದೆ. ಈ ಜಾಗಗಳ ತೂಕದ ಮೊತ್ತವೇ ಪಾರ್ಟಿಷನ್ ಫಂಕ್ಷನ್. ಲೆಕ್ಕ ಹಾಕೋಣ. 7ಪಿ-1/2ರಲ್ಲಿ ಎಲೆಕ್ಟ್ರಾನಿಗೆ ಎರಡು ಜಾಗ; ಅದು ಅತ್ಯಂತ ಕೆಳಗಿರುವುದರಿಂದ ಪೂರ್ತಿ 2. 6ಡಿ-3/2ರ ನಾಲ್ಕು ಜಾಗಗಳು ಉಷ್ಣತೆಯ ತೂಕದಿಂದ 1.93ಕ್ಕೆ ಇಳಿಯುತ್ತವೆ. 6ಡಿ-5/2ರ ಆರರಿಂದ 0.40, 7ಪಿ-3/2ರ ನಾಲ್ಕರಿಂದ 0.05. ಒಟ್ಟು ಸುಮಾರು 4.4. ಮುಚ್ಚಿದ ಕವಚದ ಅಯಾನಿಗೆ ಕೆಳಗೆ ಒಂದೇ ಜಾಗ, ಅಂದರೆ 1. 4.4ರ ನೈಸರ್ಗಿಕ ಲಾಗರಿದಮ್ 1.48, ಅದನ್ನು 0.233ರಿಂದ ಗುಣಿಸಿದರೆ 0.34. 5.3ರಿಂದ ಇದನ್ನು ಕಳೆದಾಗ ಬರುವುದೇ ಆ 4.96.

ಪ್ರಯೋಗದ ಅಂಕೆಯೊಳಗೆ ಕುಳಿತ ಸಿದ್ಧಾಂತದ ತುಣುಕು ಈ 0.34. ಹಾಗಾದರೆ ಸಿದ್ಧಾಂತ ತನ್ನನ್ನು ತಾನೇ ಮೆಚ್ಚಿಕೊಂಡಿತೇ? ಈ ಸಂದೇಹ ಸಹಜ. ಅದನ್ನು ಲೆಕ್ಕದಿಂದಲೇ ಅಳೆಯಬಹುದು. 6ಡಿ-3/2ರ ಸ್ಥಾನ 0.17ರ ಬದಲು 0.13 ಇದ್ದಿದ್ದರೆ ತಿದ್ದುಪಡಿ 0.36 ಆಗುತ್ತಿತ್ತು, 0.21 ಇದ್ದಿದ್ದರೆ 0.33. ಸಿದ್ಧಾಂತ ಇಲ್ಲಿ ಕಾಲುಪಾಲು ಎಡವಿದರೂ ಅಂತಿಮ ಅಂಕೆ 0.02ಕ್ಕಿಂತ ಹೆಚ್ಚು ಅಲುಗುವುದಿಲ್ಲ. ಪ್ರಯೋಗದ ಅನಿಶ್ಚಿತತೆಯೇ 0.08 ಇರುವಾಗ ಇದು ನಗಣ್ಯ. ಲಾಗರಿದಮ್ ಇಲ್ಲಿ ಉಪಕಾರ ಮಾಡಿದೆ. ಸುತ್ತುವಾದದ ಆರೋಪ ನಿಲ್ಲುವುದಿಲ್ಲ.

ಇದೇ ವಾದ ಇನ್ನೊಂದು ಕಡೆಗೂ ಕೊಯ್ಯುತ್ತದೆ. ಕೆಳಗಿನ ಎರಡು ಸ್ಥಿತಿಗಳ ಕ್ರಮವನ್ನೇ ಅದಲುಬದಲು ಮಾಡಿ, 6ಡಿ-3/2 ಕೆಳಗೆ, 7ಪಿ-1/2 ಅದಕ್ಕಿಂತ 0.17 ಮೇಲೆ ಎಂದು ಇಟ್ಟುಕೊಂಡರೆ ಜಾಗಗಳ ಮೊತ್ತ 5.8 ಆಗಿ ತಿದ್ದುಪಡಿ 0.41 ಆಗುತ್ತದೆ. ಅಳತೆಯ ವ್ಯಾಖ್ಯಾನ 4.96ರಿಂದ 4.89ಕ್ಕೆ ಜಾರುತ್ತದೆ. ಅದು ಕೂಡ ಅನಿಶ್ಚಿತತೆಯ ಒಳಗೇ. ಹೀಗಾಗಿ ತೊಕಾಯ್‌ನ ಅಳತೆಯೊಂದೇ ಕೊನೆಯ ಎಲೆಕ್ಟ್ರಾನ್ 7ಪಿಯಲ್ಲಿದೆ ಎಂದು ಹೇಳಲಾರದು. ‘ಪ್ರಯೋಗದಿಂದ ಸಿದ್ಧವಾಯಿತು’ ಎಂದು ಬರೆದವರು ಅವಸರಪಟ್ಟರು ಎನ್ನುವುದು ನನ್ನ ಅಭಿಪ್ರಾಯ.

ಹಾಗೆಂದು ಅಳತೆ ನಿರುಪಯುಕ್ತವಲ್ಲ. ಅದು ಬೇರೊಂದನ್ನು, ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದನ್ನು, ಪರೀಕ್ಷಿಸಿತು. ಇದಕ್ಕೆ ಅದಿಶ ವಿಧಾನವನ್ನು ಮತ್ತೆ ಕರೆಯಬೇಕು. ಸ್ಪಿನ್-ಕಕ್ಷೆ ಜೋಡಣೆಯನ್ನು ಕೈಬಿಟ್ಟ ಲೆಕ್ಕದಲ್ಲಿ ಕವಲುಗಳಿರುವುದಿಲ್ಲ. ಪಿ ಒಂದೇ ಮಟ್ಟ, ಡಿ ಒಂದೇ ಮಟ್ಟ. ಆ ಮಟ್ಟ ಎಲ್ಲಿರುತ್ತದೆಂದು ತಿಳಿಯಲು ಕವಲುಗಳ ತೂಕಬದ್ಧ ಸರಾಸರಿ ತೆಗೆಯಬಹುದು. ಇದು ಒರಟು ಅಂದಾಜು, ನಿಜ. ಲಾರೆನ್ಸಿಯಮ್‌ನಷ್ಟು ಭಾರದ ಪರಮಾಣುವಿನಲ್ಲಿ ಸ್ಪಿನ್-ಕಕ್ಷೆ ಜೋಡಣೆ ಕಕ್ಷಕದ ಆಕಾರವನ್ನೂ ಬದಲಿಸುವುದರಿಂದ ಸರಾಸರಿ ಕರಾರುವಾಕ್ಕಾಗಿ ನಿಲ್ಲುವುದಿಲ್ಲ. ಆದರೂ ದಿಕ್ಕು ತಿಳಿಯುತ್ತದೆ. 7ಪಿ: ಎರಡು ಜಾಗ ಸೊನ್ನೆಯಲ್ಲಿ, ನಾಲ್ಕು 1.04ರಲ್ಲಿ, ಸರಾಸರಿ 0.69. 6ಡಿ: ನಾಲ್ಕು 0.17ರಲ್ಲಿ, ಆರು 0.63ರಲ್ಲಿ, ಸರಾಸರಿ 0.45.

6ಡಿ ಕೆಳಗಿದೆ! ಕಾಲು ಎಲೆಕ್ಟ್ರಾನ್ ವೋಲ್ಟ್ ಕೆಳಗೆ. ಲುಟೇಶಿಯಮ್‌ನ ಅಂಕೆಗಳಿಗೂ ಇದೇ ಸರಾಸರಿ ಹಾಕಿದರೆ 5ಡಿ 0.15ರಲ್ಲಿ, 6ಪಿ 0.79ರಲ್ಲಿ, ಅಂತರ 0.64. ಲುಟೇಶಿಯಮ್‌ನಿಂದ ಲಾರೆನ್ಸಿಯಮ್‌ಗೆ ಬರುವಾಗ ಪಿ ಮತ್ತು ಡಿ ನಡುವಿನ ಅಂತರ 0.64ರಿಂದ 0.25ಕ್ಕೆ ಕುಗ್ಗುತ್ತದೆ, ಇದರಲ್ಲಿ ಎಸ್ ಮತ್ತು ಪಿಗಳ ಕುಗ್ಗುವಿಕೆ, ಡಿಯ ಹಿಗ್ಗುವಿಕೆಯ ಕೈವಾಡ ಇದೆ. ಕ್ರಮವನ್ನು ತಲೆಕೆಳಗು ಮಾಡುವ ಕೊನೆಯ ತಳ್ಳು ಮಾತ್ರ ಸ್ಪಿನ್-ಕಕ್ಷೆ ಜೋಡಣೆಯದು. ಹಾಗಾಗಿ ಅದಿಶ ವಿಧಾನದಲ್ಲಿ ಎಷ್ಟೇ ದೊಡ್ಡ ಬೇಸಿಸ್ ಸೆಟ್ (ಕಕ್ಷಕಗಳನ್ನು ಬರೆಯಲು ಬೇಕಾದ ಗಣಿತದ ಫಲನಗಳ ಗುಂಪು) ಬಳಸಿ, ಕೊರಿಲೇಷನ್ ಎಷ್ಟೇ ಎತ್ತರಕ್ಕೆ ಒಯ್ದರೂ ಉತ್ತರ 6ಡಿ ಎಂದೇ ಬರುತ್ತದೆ. ಕಂಪ್ಯೂಟರ್ ಸಮಯ ಸುರಿದಷ್ಟೂ ತಪ್ಪು ಉತ್ತರ ಹೆಚ್ಚು ನಿಖರವಾಗುತ್ತದೆ, ಅಷ್ಟೇ.

ಆ ತಪ್ಪು ಉತ್ತರವನ್ನು ತೊಕಾಯ್‌ನ ಕುಹರ ಹಿಡಿಯುತ್ತಿತ್ತೇ? ಅಯಾನಿನಲ್ಲಿ ಮುಚ್ಚಿದ ಕವಚವಿರುವುದರಿಂದ ಅಲ್ಲಿ ಸ್ಪಿನ್-ಕಕ್ಷೆಯ ಪ್ರಭಾವ ಕಡಿಮೆ. ತಟಸ್ಥ ಪರಮಾಣುವಿನ ಕೆಳಮಟ್ಟ ಮಾತ್ರ 0.45 ಮೇಲಕ್ಕೆ ಹೋಗುತ್ತದೆ. ಅಯಾನೀಕರಣ ಶಕ್ತಿ 4.5ಕ್ಕೆ ಇಳಿಯುತ್ತದೆ. ಜಾಗಗಳ ಮೊತ್ತವೂ ಬದಲಾಗುತ್ತದೆ: 6ಡಿಯ ಹತ್ತೂ ಪೂರ್ತಿಯಾಗಿ, 7ಪಿಯ ಆರರಿಂದ ಎರಡು, ಒಟ್ಟು 12, ತಿದ್ದುಪಡಿ 0.58. ಎರಡೂ ಸೇರಿ ಈ ವಿಧಾನ ಮುನ್ನುಡಿಯುವ ಪರಿಣಾಮಿ ಶಕ್ತಿ 5.1. ಅಳೆದದ್ದು 5.3. ಅಂತರ 0.2 ಎಂದರೆ ಚಿಕ್ಕದೆನಿಸಬಹುದು, 0.233 ಉಷ್ಣಶಕ್ತಿಯ ಎದುರು ಅದು ಚಿಕ್ಕದಲ್ಲ. ಅಯಾನು ಮತ್ತು ತಟಸ್ಥ ಪರಮಾಣುಗಳ ಅನುಪಾತವನ್ನು ಅದು ಎರಡು ಪಟ್ಟಿಗಿಂತ ಹೆಚ್ಚು ಬದಲಿಸುತ್ತದೆ. ಮೂರನೇ ಒಂದು ಪಾಲಿನ ಬದಲು ಅರ್ಧಕ್ಕಿಂತ ಹೆಚ್ಚು ಪರಮಾಣುಗಳು ಅಯಾನಾಗಿ ಹೊರಬರಬೇಕಿತ್ತು. ಬರಲಿಲ್ಲ. ಎರಡು ಕಡೆಗಳಲ್ಲಿ ಆಗುವ ತಪ್ಪು ಭಾಗಶಃ ಒಂದನ್ನೊಂದು ಮುಚ್ಚಿಹಾಕಲು ನೋಡಿದರೂ ಉಳಿದ ವ್ಯತ್ಯಾಸ ಕಣ್ಣಿಗೆ ಬೀಳುವಷ್ಟಿದೆ.

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇಷ್ಟು: 2015ರ ಅಳತೆ ‘7ಪಿಯೋ 6ಡಿಯೋ’ ಎಂಬುದನ್ನು ತೀರ್ಮಾನಿಸಲಿಲ್ಲ, ಸ್ಪಿನ್-ಕಕ್ಷೆ ಜೋಡಣೆಯನ್ನು ಮೊದಲಿನಿಂದಲೇ ಲೆಕ್ಕದಲ್ಲಿ ಇಟ್ಟುಕೊಳ್ಳದ ವಿಧಾನಗಳಿಗೆ ಇಲ್ಲಿ ಜಾಗವಿಲ್ಲ ಎಂಬುದನ್ನು ತೀರ್ಮಾನಿಸಿತು. 7ಪಿ-1/2 ಎಂಬ ನಂಬಿಕೆ ನಿಂತಿರುವುದು, ಆ ಪರೀಕ್ಷೆಯಲ್ಲಿ ಪಾಸಾದ ವಿಧಾನವೇ ಆ ಕ್ರಮವನ್ನೂ ಹೇಳುತ್ತದೆ ಎಂಬ ಆಧಾರದ ಮೇಲೆ. ಒಳ್ಳೆಯ ಆಧಾರವೇ. ಆದರೆ ಕಂಡದ್ದಕ್ಕೂ ಊಹಿಸಿದ್ದಕ್ಕೂ ನಡುವಿನ ಗೆರೆ ಉಳಿದಿರಲಿ.

ಕುಹರದ ವಿಧಾನ ನಂಬಲರ್ಹವೇ ಎಂಬುದಕ್ಕೆ ಪಕ್ಕದ ಧಾತು ನೊಬೆಲಿಯಮ್ ಸಾಕ್ಷಿ ಹೇಳಿತು. ಜರ್ಮನಿಯ ಡಾರ್ಮ್‌ಸ್ಟಾಟ್‌ನ ಜಿಎಸ್‌ಐ ಪ್ರಯೋಗಾಲಯದಲ್ಲಿ ನೊಬೆಲಿಯಮ್ ಪರಮಾಣುಗಳ ಮೇಲೆ ಲೇಸರ್ ಹಾಯಿಸಿ 2016ರಲ್ಲಿ ಒಂದು ರೋಹಿತ ರೇಖೆಯನ್ನೂ, 2018ರಲ್ಲಿ 6.626 ಎಂಬ ಅಯಾನೀಕರಣ ಶಕ್ತಿಯನ್ನೂ ಪ್ರಕಟಿಸಿದರು. ತೊಕಾಯ್‌ನವರು ತಮ್ಮ ಕಾದ ಕುಹರದಿಂದ ನೊಬೆಲಿಯಮ್‌ಗೆ ಪಡೆದ ಅಂಕೆಯೂ 6.6ರ ಮೇಲೆಯೇ ಬಂತು. ನೊಬೆಲಿಯಮ್‌ನಲ್ಲಿ ಕವಚಗಳು ಮುಚ್ಚಿವೆ, ಕೆಳಗಿನ ಉದ್ರಿಕ್ತ ಸ್ಥಿತಿಗಳ ತೊಡಕಿಲ್ಲ. ಹೀಗಾಗಿ ಇದು ಉಪಕರಣದ ಪರೀಕ್ಷೆಯಾಯಿತೇ ಹೊರತು 0.34ರ ಪರೀಕ್ಷೆಯಾಗಲಿಲ್ಲ.

ಆವರ್ತ ಕೋಷ್ಟಕದ ಮೂರನೇ ಗುಂಪಿನಲ್ಲಿ ಸ್ಕ್ಯಾಂಡಿಯಮ್ ಮತ್ತು ಯಿಟ್ರಿಯಮ್‌ಗಳ ಕೆಳಗೆ ಲುಟೇಶಿಯಮ್-ಲಾರೆನ್ಸಿಯಮ್ ಕೂರಬೇಕೋ ಲ್ಯಾಂಥನಮ್-ಆಕ್ಟಿನಿಯಮ್ ಕೂರಬೇಕೋ ಎಂಬ ಜಗಳಕ್ಕೂ 4.96 ಅನ್ನು ಎಳೆದುತಂದರು. ಆ ಜಗಳದಲ್ಲಿ ನನಗೆ ಆಸಕ್ತಿ ಕಡಿಮೆ. ಒಂದು ಪರಮಾಣುವಿನ ಕೊನೆಯ ಎಲೆಕ್ಟ್ರಾನಿನ ವಿಳಾಸ ನೋಡಿ ಚೌಕ ಹಂಚುವುದಾದರೆ ಕೋಷ್ಟಕದಲ್ಲಿ ಇನ್ನೂ ಹಲವರನ್ನು ಎಬ್ಬಿಸಬೇಕಾಗುತ್ತದೆ.

7ಪಿ ಮತ್ತು 6ಡಿ ಪ್ರಶ್ನೆಯನ್ನು ನೇರವಾಗಿ ಕೇಳುವ ದಾರಿ ಲೇಸರ್‌ನದ್ದು. ಕೋಣೆಯ ಉಷ್ಣತೆಯ ಅನಿಲದಲ್ಲಿ ಉಷ್ಣಶಕ್ತಿ ಕೇವಲ 0.026, 0.17 ಮೇಲಿನ ಸ್ಥಿತಿಯಲ್ಲಿ ಸಾವಿರಕ್ಕೆ ಮೂರು ಪರಮಾಣುಗಳೂ ಇರುವುದಿಲ್ಲ. ಆದ್ದರಿಂದ ಬೆಳಕನ್ನು ಹೀರುವುದು ಕೆಳಮಟ್ಟದ ಸ್ಥಿತಿ ಮಾತ್ರ. ಅದು 7ಪಿ ಆಗಿದ್ದರೆ, ಯಾವ ಜಿಗಿತ ಸಾಧ್ಯವೆಂದು ಹೇಳುವ ಆಯ್ಕೆಯ ನಿಯಮದಂತೆ, ಎಲೆಕ್ಟ್ರಾನ್ 8ಎಸ್ ಅಥವಾ 7ಡಿಗೆ ಜಿಗಿಯಬಲ್ಲದು. 7ಪಿಯಿಂದ 8ಎಸ್‌ಗೆ ಜಿಗಿಯುವ ರೇಖೆ ಗೋಚರ ಬೆಳಕಿನ ವ್ಯಾಪ್ತಿಯಲ್ಲಿದೆಯೆಂದು ಲೆಕ್ಕಗಳು ಹೇಳುತ್ತವೆ. ಅದು 6ಡಿ ಆಗಿದ್ದರೆ 8ಎಸ್‌ನ ಆ ರೇಖೆ ಅಲ್ಲಿ ಕಾಣಿಸಿಕೊಳ್ಳುವಂತಿಲ್ಲ, ಪಿ ಮತ್ತು ಎಫ್‌ಗಳ ಕಡೆಗೆ ಹೋಗುವ ಬೇರೆ ರೇಖೆಗಳು ಕಾಣಬೇಕು. ಲೇಸರನ್ನು ಯಾವ ತರಂಗಾಂತರದಲ್ಲಿಟ್ಟು ಹುಡುಕಾಟ ಶುರುಮಾಡಬೇಕೆಂದು ಹೇಳಬೇಕಾದವರು ಮತ್ತೆ ಅದೇ ಲೆಕ್ಕದವರು. ಕೆಲವು ಸೆಕೆಂಡಿಗೊಂದರಂತೆ ಒಂದೊಂದೇ ಪರಮಾಣು ಪಡೆಯುವವರಿಗೆ ಇಡೀ ಕಾಮನಬಿಲ್ಲನ್ನು ತಡಕಾಡುವ ಪುರುಸೊತ್ತಿಲ್ಲ. ಲೆಕ್ಕದ ದೋಷ ನೂರನೇ ಒಂದೆರಡು ಎಲೆಕ್ಟ್ರಾನ್ ವೋಲ್ಟ್‌ನೊಳಗೆ ಇದ್ದರೆ ಹುಡುಕಬೇಕಾದ ಪಟ್ಟಿ ಕೆಲವು ನ್ಯಾನೋಮೀಟರ್‌ಗೆ ಇಳಿಯುತ್ತದೆ.